ಸೊಪ್ಪಿನ ಬೆಟ್ಟಕ್ಕೆ ಮತ್ತೆ ಜೀವ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ವಸೂಲಿ, ಡಿವಿಡೆಂಡಿನ ವಿಷಯವನ್ನು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಾವು ಸೊಪ್ಪಿನ ಬೆಟ್ಟದ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ನಮ್ಮ ಶಿರಸಿ ಸೀಮೆಯಲ್ಲಿ ತೋಟ ಅಂದ ಮೇಲೆ ಬೆಟ್ಟ ಇರಲೇಬೇಕು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಅಡಿಕೆ ಬೇಯಿಸಲು ಕಟ್ಟಿಗೆ, ಎಲ್ಲವೂ ಅಲ್ಲಿಂದಲೇ. ಬ್ರಿಟಿಷರ ಕಾಲದಿಂದ ತೋಟಿಗರಿಗೆ ಈ ಸೌಲಭ್ಯ ನಡೆದು ಬಂದಿದೆ. ಜಾಗ ಸರ್ಕಾರದ್ದು, ಸೊಪ್ಪು ನಮ್ಮದು. ಆದರೆ ಹಕ್ಕು ನೆನಪಿಟ್ಟಷ್ಟು ಚೆನ್ನಾಗಿ ಕ್ರಮವನ್ನು ನಾವು ನೆನಪಿಡಲಿಲ್ಲ. ಹಿರಿಯರು ತುದಿಯ ಕುಡಿ ಉಳಿಸಿ ಸೊಪ್ಪು ಕಡಿಯುತ್ತಿದ್ದರು. ನಾವು ನೆತ್ತಿಯವರೆಗೆ ಬೋಳಿಸಿದೆವು. ಹಾಗೆ ಬೋಳಿಸಿದ ಮರ ಕಂಬದ ಹಾಗೆ ನಿಲ್ಲುತ್ತದೆ, ಹೂ ಇಲ್ಲ, ಕಾಯಿ ಇಲ್ಲ. ಬೀಜ ಬೀಳದೆ ಮರಿ ಗಿಡ ಎಲ್ಲಿಂದ ಬರಬೇಕು?

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕಡಿತಲೆ ನಿಲ್ಲಿಸಿದ್ದು ನಿಮಗೆಲ್ಲ ಗೊತ್ತು. ಆಗ ನಾವಿನ್ನೂ ಸಣ್ಣ ಮಕ್ಕಳು. ಉಳಿಸು, ಬೆಳೆಸು, ಬಳಸು ಅಂತ ಅಪ್ಪಿಕೋ ಚಳವಳಿಯವರು ಹೇಳಿದರು. ನಾವು ಮೂರನೆಯದನ್ನೇ ಮೊದಲು ಹಿಡಿದುಕೊಂಡೆವು! ಗುತ್ತಿಗೆದಾರರ ಕೊಡಲಿಗೆ ಅಡ್ಡ ನಿಲ್ಲಬಹುದು, ನಮ್ಮದೇ ಕತ್ತಿಗೆ ಅಡ್ಡ ನಿಲ್ಲುವವರು ಯಾರು? 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ದರ ಏರಿದಾಗ ಏನಾಯ್ತು ನೋಡಿ. ಹಣ್ಣಾಗುವ ಮೊದಲೇ ಕೊಯ್ಲು, ಕೆಲವು ಕಡೆ ಟೊಂಗೆಗೇ ಕತ್ತಿ. ಒಣಗಿಸುವ ಒಲೆಗೆ ಮತ್ತೆ ಕಾಡಿನ ಕಟ್ಟಿಗೆಯೇ.

ಬೋಳಾದ ಜಾಗಕ್ಕೆ ಅಕೇಸಿಯಾ ಬಂತು. ಆಸ್ಟ್ರೇಲಿಯಾ ಕಡೆಯ ಮರ, ಜಂಬಿಟ್ಟಿಗೆ ನೆಲದಲ್ಲೂ ಬೇಗ ಏಳುತ್ತದೆ, ದನ ಮುಟ್ಟೋದಿಲ್ಲ. ನಾವೂ ನೆಟ್ಟೆವು. ಅದನ್ನು ಪೂರಾ ಬೈಯುವುದೂ ಸರಿಯಲ್ಲ, ಅದೇ ಕಟ್ಟಿಗೆಯಲ್ಲಿ ಅಡಿಕೆ ಬೇಯಿಸಿದ್ದೇವೆ. ಆದರೆ ಅದರ ಎಲೆ ಗೊಬ್ಬರಗುಂಡಿಯಲ್ಲಿ ಬೇಗ ಕೊಳೆಯದು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪಿಗೆ ಬಾರದ ಮರ!

2016ರಲ್ಲಿ ಊರ ಮೇಲಿನ ಬೆಟ್ಟದ ಒಂದು ಮೂಲೆಗೆ ನಾವು ಕೆಲವರು ಸೇರಿ ಬೇಲಿ ಹಾಕಿದೆವು. ದನ ಬಿಡುವಂತಿಲ್ಲ, ಸೊಪ್ಪು ಕಡಿಯುವಂತಿಲ್ಲ. "ಇವರಿಗೆ ಬೇರೆ ಕೆಲಸ ಇಲ್ಲ" ಅಂದವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳೋದಿಲ್ಲ. ಮೊದಲ ಮಳೆಗೆ ಹಳೇ ಬುಡಗಳು ಚಿಗುರಿದವು. ಮತ್ತಿ, ಹೊನ್ನೆ, ನೇರಳೆ. ಸತ್ತೇ ಹೋಗಿದೆ ಅಂದುಕೊಂಡ ಬುಡದಲ್ಲಿ ಬೇರು ಜೀವಂತ ಇತ್ತು. ನರ್ಸರಿಯಿಂದ ತಂದು ನೆಟ್ಟ ಗಿಡಕ್ಕಿಂತ ಈ ಚಿಗುರೇ ಮುಂದೆ ಹೋಯಿತು. ಆಳಕ್ಕೆ ಇಳಿದ ಬೇರಿಗೆ ಬೇಸಿಗೆಯ ಭಯ ಕಡಿಮೆ. ಬುಡವೂ ಇಲ್ಲದ ಕಡೆ ಮಾತ್ರ ನೆಡಬೇಕು. ಅಲ್ಲಿಗೂ ಬೀಜ ಒಳ್ಳೆ ತಾಯಿಮರದ್ದೇ ಆಗಬೇಕು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಆದರೆ ಕಾಡಿನಲ್ಲಿ ತಾಯಿಮರ ಗುರುತಿಸುವುದರಲ್ಲಿ ಅವರಿಗೆ ಸರಿಸಾಟಿ ಕಡಿಮೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

2019ರ ಮಾರ್ಚಿನಲ್ಲಿ ಆ ಮೂಲೆಗೇ ಬೆಂಕಿ ಬಿತ್ತು. ಯಾರೋ ಎಸೆದ ಬೀಡಿ ಇರಬೇಕು. ಮೂರು ವರ್ಷದ ಚಿಗುರು ಒಂದು ಮಧ್ಯಾಹ್ನಕ್ಕೆ ಕರಕಲು. ಆವತ್ತು ಸೊಪ್ಪಿನ ಹೆಡೆ ಹಿಡಿದು ಬಡಿಯಲು ಬಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಗಂಡಸರು ಪೇಟೆಯಲ್ಲಿದ್ದೆವು, ನಾವೂ ಸೇರಿ. ಮಳೆಗಾಲದಲ್ಲಿ ಬುಡ ಮತ್ತೆ ಚಿಗುರಿತು, ಆದರೆ ನೆಟ್ಟ ಗಿಡ ಒಂದೂ ಉಳಿಯಲಿಲ್ಲ. ಈಗ ಅಲ್ಲಿ ಆಳೆತ್ತರ ಮೀರಿ ಹಸಿರಿದೆ. ಮಳೆಗಾಲದಲ್ಲಿ ಕೆಳಗಿನ ತೋಟಗಳಿಗೆ ಕೆಮ್ಮಣ್ಣಿನ ನೀರು ನುಗ್ಗುವುದೂ ಕಡಿಮೆಯಾಗಿದೆ.

ಈ ವರ್ಷ ಅಬ್ಬಿಯ ಮೇಲಿನ ಬೆಟ್ಟವನ್ನೂ ಮುಚ್ಚಬೇಕೆಂದು ಆಡಳಿತ ಮಂಡಳಿ ಯೋಚಿಸಿದೆ. ಅಲ್ಲಿ ದನ ಬಿಡುವ ನಾಲ್ಕು ಮನೆಗಳಿಗೆ ಮೇವಿನ ತೊಂದರೆ ಆಗುತ್ತದೆ, ಇಲ್ಲ ಅನ್ನೋದಿಲ್ಲ. ಬೇಲಿಯೊಳಗಿನ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕು ಮೊದಲು ಅವರಿಗೇ ಇರಲಿ ಎಂಬುದು ನಮ್ಮ ಸಲಹೆ. ಜನವರಿ ಒಳಗೆ ಬೆಂಕಿ ರೇಖೆ ಕೆರೆಯಬೇಕು, ಮಳೆ ಬೀಳುವವರೆಗೆ ಮನೆಗೊಬ್ಬರಂತೆ ಕಾವಲು. ಪಾಳಿಯ ಪುಸ್ತಕ ಸಂಘದ ಕಚೇರಿಯ ಮೇಜಿನ ಮೇಲಿದೆ. ಊಟ ಮುಗಿಸಿ ಹೋಗುವಾಗ ಹೆಸರು ಬರೆಸಿ ಹೋಗಿ.