ಕೋಪಕ್ಕೆ ಐದು ಅಂಕ

‘ಫೇಸ್‌ಬುಕ್‌ನಲ್ಲಿ ನೋಡಿದೆ’ ಎಂಬ ಮಾತು ಇಂದು ಮನೆಮನೆಯಲ್ಲೂ ಕೇಳಿಬರುತ್ತದೆ. ಕಿಟಕಿಯಿಂದಾಚೆ ಇಣುಕಿ ಬೀದಿಯನ್ನು ನೋಡಿದವರು ಆಡುವ ಮಾತಿನಂತೆಯೇ ಅದು ಇದೆ. ಆದರೆ ಬೀದಿಯು ತನ್ನನ್ನು ನೋಡುತ್ತಿರುವವನು ಯಾರೆಂದು ತಿಳಿದು ತನ್ನ ರೂಪವನ್ನು ಬದಲಿಸಿಕೊಳ್ಳುವುದಿಲ್ಲ. ಮೊಬೈಲಿನ ತೆರೆಯಾದರೋ ಬದಲಿಸಿಕೊಳ್ಳುತ್ತದೆ. ಜೀವಮಾನವೆಲ್ಲ ವ್ಯಾಕರಣದ ಪಾಠ ಹೇಳಿದ ನನಗೆ ಇಲ್ಲಿ ಕ್ರಿಯಾಪದವೇ ಸರಿಯಿಲ್ಲವೆಂದು ತೋರುತ್ತದೆ. ‘ನೋಡಿದೆ’ ಎನ್ನುವ ಕಡೆ ‘ನನಗೆ ತೋರಿಸಿದರು’ ಎನ್ನಬೇಕು. ಹಾಗೆಂದ ಕೂಡಲೆ, ತೋರಿಸಿದವರು ಯಾರು, ಯಾವ ಲೆಕ್ಕದ ಮೇಲೆ ತೋರಿಸಿದರು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಈ ಹೊತ್ತಿನ ನನ್ನ ಮಾತು ಆ ಲೆಕ್ಕವನ್ನು ಕುರಿತದ್ದು.

ಮೊದಲಿಗೆ ಹೀಗಿರಲಿಲ್ಲ. 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಫೇಸ್‌ಬುಕ್ ಹುಟ್ಟಿದಾಗ, ಗೆಳೆಯನ ಸಮಾಚಾರ ಬೇಕೆಂದವರು ಆ ಗೆಳೆಯನ ಪುಟಕ್ಕೇ ಹೋಗಬೇಕಾಗಿತ್ತು. ನೆಂಟರ ಮನೆಗೆ ನಾವೇ ನಡೆದುಹೋಗುವಂತೆ. 2006ರ ಸೆಪ್ಟೆಂಬರ್ 5ರಂದು ‘ನ್ಯೂಸ್ ಫೀಡ್’ ಎಂಬ ಏರ್ಪಾಡು ಬಂದಿತು. ಎಲ್ಲರ ಮನೆಯ ಸುದ್ದಿಯೂ ಒಟ್ಟಾಗಿ ನಮ್ಮ ಜಗಲಿಗೇ ಬಂದು ಬೀಳತೊಡಗಿತು. ಬಳಕೆದಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರತಿಭಟಿಸಿದರು. ಆ ಪ್ರತಿಭಟನೆಯ ಸುದ್ದಿ ಅಷ್ಟು ಬೇಗ ಹಬ್ಬಿದ್ದೂ ನ್ಯೂಸ್ ಫೀಡಿನ ಮೂಲಕವೇ ಎಂಬುದು ಒಂದು ವಿನೋದ. ಕ್ರಮೇಣ ಗೆಳೆಯರು ಹೆಚ್ಚಿದರು, ಗುಂಪುಗಳು ಹೆಚ್ಚಿದವು, ಜಗಲಿ ಸಾಲದಾಯಿತು. 2013ರಲ್ಲಿ ಸಂಸ್ಥೆಯೇ ಹೇಳಿಕೊಂಡ ಪ್ರಕಾರ, ಒಬ್ಬ ಬಳಕೆದಾರನಿಗೆ ತೋರಿಸಬಹುದಾದ ಬರಹ, ಚಿತ್ರಗಳು ಸರಾಸರಿ 1,500. ಅವುಗಳಲ್ಲಿ ದಿನಕ್ಕೆ ಮುಂದಕ್ಕೆ ತರುತ್ತಿದ್ದುದು ಸುಮಾರು 300. ಆಯ್ಕೆ ಎಂಬುದು ಅನಿವಾರ್ಯವಾಯಿತೆಂದು ಒಪ್ಪಲೇಬೇಕು. ಆಯ್ಕೆಯೇ ಬೇಡವೆನ್ನುವುದು ನನ್ನ ವಾದವಲ್ಲ.

ಈ ಆಯ್ಕೆಯ ವಿಧಾನಕ್ಕೆ ‘ಆಲ್ಗಾರಿದಮ್’ ಎನ್ನುತ್ತಾರೆ. ಪದ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಎಂಬ ಗಣಿತಜ್ಞನ ಹೆಸರು ಲ್ಯಾಟಿನ್ ಬಾಯಲ್ಲಿ ಸವೆದು ಹೀಗಾಯಿತು. ಅವನು ಭಾರತೀಯ ಅಂಕಿಗಳ ಲೆಕ್ಕವನ್ನು ವಿವರಿಸಿದವನು. ಅದೇ ಶತಮಾನದಲ್ಲಿ ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನೆಂಬುದನ್ನು ನೆನೆದರೆ, ಲೆಕ್ಕದ ಕ್ರಮವೆಂಬುದು ನಮಗೆ ಪರಕೀಯವಾದ ಸಂಗತಿಯಲ್ಲವೆಂದು ಧೈರ್ಯವಾಗುತ್ತದೆ. ಇರಲಿ.

ಫೇಸ್‌ಬುಕ್ಕಿನ ಲೆಕ್ಕದ ಆರಂಭದ ರೂಪವನ್ನು 2010ರಲ್ಲಿ ಅವರೇ ಹೊರಗೆಡಹಿದರು. ಬರೆದವನಿಗೂ ನಿಮಗೂ ಇರುವ ನಂಟು ಎಷ್ಟು, ಬರಹದ ಬಗೆಗೆ ಇರುವ ತೂಕ ಎಷ್ಟು, ಅದು ಎಷ್ಟು ಹಳತಾಯಿತು, ಇಷ್ಟೇ. ಆಮೇಲೆ ಯಂತ್ರಗಳೇ ನಮ್ಮ ನಡವಳಿಕೆಯಿಂದ ಪಾಠ ಕಲಿಯುವ ವಿಧಾನ ಬಂದು ಲೆಕ್ಕ ಜಟಿಲವಾಯಿತು. ಆದರೆ ಅದರ ತಿರುಳನ್ನು ಉತ್ತರಪತ್ರಿಕೆ ತಿದ್ದಿದ ಯಾವ ಮೇಷ್ಟರೂ ಸುಲಭವಾಗಿ ಗ್ರಹಿಸಬಲ್ಲರು. ಒಂದು ಬರಹವನ್ನು ನಿಮ್ಮ ಮುಂದಿಟ್ಟರೆ ನೀವು ಅದನ್ನು ಮೆಚ್ಚುವ ಸಂಭವವೆಷ್ಟು, ಅದಕ್ಕೆ ಉತ್ತರ ಬರೆಯುವ ಸಂಭವವೆಷ್ಟು, ಇತರರಿಗೆ ಹಂಚುವ ಸಂಭವವೆಷ್ಟು ಎಂದು ಯಂತ್ರ ಮೊದಲು ಊಹಿಸುತ್ತದೆ. ಪ್ರತಿಯೊಂದು ಸಂಭವವನ್ನೂ ಅದಕ್ಕೆ ಗೊತ್ತುಮಾಡಿದ ಅಂಕದಿಂದ ಗುಣಿಸಿ ಕೂಡಿಸುತ್ತದೆ. ಹೆಚ್ಚು ಅಂಕ ಬಂದದ್ದು ಮೇಲೆ, ಕಡಮೆ ಬಂದದ್ದು ಕೆಳಗೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಸಂಭವವನ್ನು ಊಹಿಸುವುದು ಯಂತ್ರ. ಯಾವುದಕ್ಕೆ ಎಷ್ಟು ಅಂಕ ಎಂದು ಗೊತ್ತುಮಾಡುವವರು ಮನುಷ್ಯರು. ಪರೀಕ್ಷಾ ಮಂಡಲಿಯ ಸಭೆಯಂತೆ, ಅವರೂ ಒಂದು ಕೊಠಡಿಯಲ್ಲಿ ಕುಳಿತು ಗೊತ್ತುಮಾಡುತ್ತಾರೆ.

ಹಾಗೆ ಗೊತ್ತುಮಾಡಿದ ಅಂಕಗಳ ಕಥೆಯೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 2009ರಿಂದ ಇದ್ದದ್ದು ‘ಲೈಕ್’ ಎಂಬ ಹೆಬ್ಬೆರಳಿನ ಗುರುತು ಒಂದೇ. 2016ರ ಫೆಬ್ರವರಿಯಲ್ಲಿ ಪ್ರೀತಿ, ನಗು, ಬೆರಗು, ದುಃಖ, ಕೋಪ ಎಂಬ ಐದು ಮುಖಭಾವಗಳು ಜೊತೆಗೂಡಿದವು. ರಸಶಾಸ್ತ್ರವನ್ನು ಓದಿದವರಿಗೆ ಈ ಪಟ್ಟಿ ಬಡವಾಗಿ ಕಂಡೀತು. 2017ರಿಂದ ಈ ಐದು ಭಾವಗಳಲ್ಲಿ ಯಾವುದನ್ನು ಒತ್ತಿದರೂ ಅದಕ್ಕೆ ಒಂದು ಲೈಕಿನ ಐದರಷ್ಟು ಬೆಲೆ ಕಟ್ಟಿದರು. ಇದರಲ್ಲಿ ದುರುದ್ದೇಶವನ್ನು ಕಾಣಬೇಕಾಗಿಲ್ಲ. ಹೆಬ್ಬೆರಳನ್ನು ಒತ್ತುವುದಕ್ಕಿಂತ ಭಾವವನ್ನು ಆರಿಸಿ ಒತ್ತುವುದು ಹೆಚ್ಚಿನ ಶ್ರಮ. ಹೆಚ್ಚು ಶ್ರಮಪಟ್ಟವನಿಗೆ ಹೆಚ್ಚು ಆಸಕ್ತಿಯಿರಬೇಕು ಎಂಬ ತರ್ಕ. 2018ರ ಜನವರಿಯಲ್ಲಿ ಸಂಸ್ಥೆಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್, ಇನ್ನು ಮುಂದೆ ಬಂಧುಮಿತ್ರರ ನಡುವಣ ಅರ್ಥಪೂರ್ಣ ಒಡನಾಟಕ್ಕೆ ಪ್ರಾಶಸ್ತ್ಯವೆಂದು ಪ್ರಕಟಿಸಿದರು. ಸುಮ್ಮನೆ ನೋಡುವುದಕ್ಕಿಂತ ಮಾತಾಡುವುದು ಮೇಲೆಂದು ಯಾರು ಒಪ್ಪುವುದಿಲ್ಲ? ಆದರೆ ಅರ್ಥಪೂರ್ಣತೆಯನ್ನು ಅಳೆಯುವುದು ಹೇಗೆ? ಆಗಿನ ಅಂಕಪಟ್ಟಿಯಲ್ಲಿ ಲೈಕಿಗೆ ಒಂದು, ಮುಖಭಾವಕ್ಕೆ ಐದು, ಗಣನೀಯವಾದ ಟಿಪ್ಪಣಿಗೆ 30. ಟಿಪ್ಪಣಿ ಆಶೀರ್ವಾದವೋ ಬೈಗುಳವೋ ಎಂದು ಅಂಕ ಕೇಳುವುದಿಲ್ಲ. ಜಗಳದಲ್ಲಿ ಜನ ಹೆಚ್ಚು ಮಾತಾಡುತ್ತಾರೆಂಬುದು ಬೀದಿ ನಲ್ಲಿಯ ಬಳಿ ನಿಂತ ಯಾರಿಗೂ ಗೊತ್ತಿದ್ದ ವಿಷಯ.

ಫಲ ಏನಾಯಿತೆಂಬುದು ಹೊರಗೆ ಬಂದದ್ದು 2021ರಲ್ಲಿ. ಆ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗೆನ್ ಎಂಬಾಕೆ ಒಳಗಿನ ಕಾಗದಪತ್ರಗಳನ್ನು ಬಯಲು ಮಾಡಿ, ಅಕ್ಟೋಬರ್ 5ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಕೋಪದ ಮುಖವನ್ನು ಹೆಚ್ಚಾಗಿ ಗಳಿಸುವ ಬರಹಗಳಲ್ಲಿ ಸುಳ್ಳು ಸುದ್ದಿಯೂ ವಿಷದ ಮಾತೂ ಮಿತಿಮೀರಿ ಇರುತ್ತವೆಂದು ಸಂಸ್ಥೆಯ ತಜ್ಞರೇ 2019ರಲ್ಲಿ ಕಂಡುಕೊಂಡಿದ್ದರು. ಕೋಪದ ಅಂಕವನ್ನು ಐದರಿಂದ ನಾಲ್ಕಕ್ಕೆ, 2020ರ ಏಪ್ರಿಲಿನಲ್ಲಿ ಒಂದೂವರೆಗೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೊನ್ನೆಗೆ ಇಳಿಸಿದರು. ಸೊನ್ನೆ ಮಾಡಿದಾಗ ಸುಳ್ಳು ಸುದ್ದಿಯೂ ಹಿಂಸೆಯ ದೃಶ್ಯಗಳೂ ಕಡಮೆಯಾದವು. ಜನರ ಬಳಕೆ ಮಾತ್ರ ಕುಗ್ಗಲಿಲ್ಲ. ಎಂದರೆ, ಆ ಐದು ಅಂಕದ ಕೋಪ ಯಾರಿಗೂ ಬೇಕಾಗಿರಲಿಲ್ಲ. ಸುಮಾರು ಮೂರು ವರ್ಷ ಕೋಟ್ಯಂತರ ಜನ ಏನನ್ನು ಓದಬೇಕೆಂಬುದನ್ನು, ಯಾರಿಗೂ ಬೇಡವಾಗಿದ್ದ ಒಂದು ಅಂಕಿ ಕೊಂಚಮಟ್ಟಿಗಾದರೂ ನಿರ್ಧರಿಸಿತು.

‘ಸಂಪಾದಕರು ಹಿಂದೆಯೂ ಇದ್ದರಲ್ಲ?’ ಎಂದು ಕೇಳುವವರುಂಟು. ಇದ್ದರು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ಕ್ಕೆ ಪದ್ಯಗಳನ್ನು ಆರಿಸಿದ, ಅವನು ಆರಿಸಿದ್ದರಿಂದಲೇ ಎಷ್ಟೋ ಲುಪ್ತಕಾವ್ಯಗಳ ಪದ್ಯಗಳು ನಮಗೆ ಉಳಿದಿವೆ, ಆರಿಸದೆ ಬಿಟ್ಟವು ಏನಾದವೋ. ಚದುರಿದ್ದ ವಚನಗಳನ್ನು ಸಂವಾದದ ಕ್ರಮದಲ್ಲಿ ಜೋಡಿಸಿದ ‘ಶೂನ್ಯಸಂಪಾದನೆ’ಯಲ್ಲಿ ಆ ಕ್ರಮವೇ ಹೊಸ ಅರ್ಥವನ್ನು ಹುಟ್ಟಿಸುತ್ತದೆ. ಆದರೆ ಆ ಸಂಕಲನ ಎಲ್ಲರ ಕೈಗೂ ಒಂದೇ ಆಗಿ ಬರುತ್ತದೆ. ‘ಈ ವಚನ ಇಲ್ಲಿರಬಾರದಿತ್ತು’ ಎಂದು ನಾನೂ ನೀವೂ ಒಂದೇ ಪುಟವನ್ನು ತೆರೆದು ಜಗಳವಾಡಬಹುದು. ಒಂದು ಶೂನ್ಯಸಂಪಾದನೆ ಸಾಲದೆಂದು ಕಂಡವರು ಮತ್ತೊಂದನ್ನು ಸಂಪಾದಿಸಿಯೂ ಇದ್ದಾರೆ. ಫೇಸ್‌ಬುಕ್ಕಿನದು ಓದುಗನಿಗೊಂದು ಸಂಕಲನ. ಒಂದೇ ಮನೆಯ ಅತ್ತೆ ಸೊಸೆಯರ ಎದುರಿನ ಪುಟಗಳು ಬೇರೆ ಬೇರೆ. ಒಬ್ಬರ ಪುಟವನ್ನು ಇನ್ನೊಬ್ಬರು ಕಾಣರು. ನನಗೆ ಕಾಣದ್ದನ್ನು ಕುರಿತು ನಾನು ಆಕ್ಷೇಪಿಸುವುದಾದರೂ ಹೇಗೆ?

ಇನ್ನೊಂದು ಸಮರ್ಥನೆ, ‘ನಿಮಗೆ ಬೇಕಾದದ್ದನ್ನೇ ತೋರಿಸುತ್ತೇವೆ’ ಎಂಬುದು. ಯಂತ್ರ ಕಾಣುವುದು ನಮ್ಮ ಬೆರಳನ್ನು, ಮನಸ್ಸನ್ನಲ್ಲ. ರಸ್ತೆಯಲ್ಲಿ ಅಪಘಾತವಾದರೆ ದಾರಿಹೋಕರೆಲ್ಲ ನಿಂತು ನೋಡುತ್ತಾರೆ. ನಿಂತು ನೋಡಿದವನಿಗೆ ದಿನವೂ ಅಪಘಾತ ಬೇಕೆಂದು ತೀರ್ಮಾನಿಸಿದರೆ ಅದನ್ನು ಸೇವೆಯೆಂದು ಕರೆಯಲಾಗದು. 2019ರ ಫೆಬ್ರವರಿಯಲ್ಲಿ ಸಂಸ್ಥೆಯ ಸಂಶೋಧಕರೊಬ್ಬರು ಭಾರತದ ಬಳಕೆದಾರರ ಸೋಗಿನಲ್ಲಿ ಒಂದು ಹೊಸ ಖಾತೆ ತೆರೆದು, ಯಂತ್ರ ಸೂಚಿಸಿದ ದಾರಿಯಲ್ಲೇ ಮೂರು ವಾರ ನಡೆದರು. ಪುಲ್ವಾಮಾದ ದಾಳಿಯ ದಿನಗಳವು. ಆ ಖಾತೆ ದ್ವೇಷದ ಮಾತು, ಸುಳ್ಳು, ಹೆಣಗಳ ಚಿತ್ರಗಳಿಂದ ತುಂಬಿಹೋಯಿತೆಂದು ಅವರ ವರದಿ ಹೇಳುತ್ತದೆ. ಸ್ವಂತ ರುಚಿಯೆಂಬುದೇ ಇಲ್ಲದ ಖಾತೆ ಅದು.

ಆದರೂ ಉತ್ಪ್ರೇಕ್ಷೆ ಸಲ್ಲದು. 2012ರ ಜನವರಿಯಲ್ಲಿ 6,89,003 ಬಳಕೆದಾರರಿಗೆ ಅರಿವಿಲ್ಲದಂತೆ ಒಂದು ವಾರ ಸಂತೋಷದ ಅಥವಾ ಸಂಕಟದ ಬರಹಗಳನ್ನು ಕಡಮೆ ಮಾಡಿ ತೋರಿಸಿ, ಅವರ ಬರಹದ ಭಾವ ಬದಲಾಗುತ್ತದೆಯೇ ಎಂದು ಪರೀಕ್ಷಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾದಾಗ ಲೋಕ ಸಿಡಿದೆದ್ದಿತು. ಅನುಮತಿಯಿಲ್ಲದ ಆ ಪ್ರಯೋಗ ಖಂಡನೀಯವೇ ಸರಿ. ಆದರೆ ಕಂಡುಬಂದ ಬದಲಾವಣೆ ಬಹಳ ಅಲ್ಪವಾಗಿತ್ತು. ಓದುಗರು ಸೂತ್ರದ ಗೊಂಬೆಗಳಲ್ಲ.

ನನಗೆ ಹೆಚ್ಚು ಆತಂಕವಿರುವುದು ಓದುವವರನ್ನು ಕುರಿತಲ್ಲ, ಬರೆಯುವವರನ್ನು ಕುರಿತು. ಅಂಕದ ಯೋಜನೆ ತಿಳಿದ ವಿದ್ಯಾರ್ಥಿ ಅಂಕಕ್ಕಾಗಿಯೇ ಬರೆಯುತ್ತಾನೆ. 2018ರ ಬದಲಾವಣೆಯ ಮೇಲೆ ತಮ್ಮ ಪ್ರಚಾರದ ದನಿಯೇ ಕಹಿಯಾಗಬೇಕಾಯಿತೆಂದು ಯೂರೋಪಿನ ಕೆಲವು ರಾಜಕೀಯ ಪಕ್ಷಗಳು ಫೇಸ್‌ಬುಕ್ಕಿಗೇ ದೂರಿದ್ದುವು. ಇದು ರಾಜಕೀಯಕ್ಕಷ್ಟೇ ನಿಂತಿಲ್ಲ. ನನ್ನ ಹಳೆಯ ಶಿಷ್ಯನೊಬ್ಬ ಇಂಥದೊಂದು ತಾಣದಲ್ಲಿ ಪಂಪನ ಕರ್ಣನನ್ನು ಕುರಿತು ವಾರಗಟ್ಟಲೆ ಶ್ರಮಿಸಿ ಬರೆದ. ಬೆರಳೆಣಿಕೆಯ ಜನ ಓದಿದರು. ಬೇಸತ್ತು ಒಬ್ಬ ವಿಮರ್ಶಕರನ್ನು ಒಂದೇ ವಾಕ್ಯದಲ್ಲಿ ಹೀಗಳೆದ. ಊರಿಗೆ ಊರೇ ನೆರೆಯಿತು. ಅವನು ಈಗಲೂ ಪಂಪನನ್ನು ಕುರಿತೇ ಬರೆಯುತ್ತಾನೆ. ಆದರೆ ಜಗಳದ ದನಿಯಲ್ಲಿ. ಅವನ ಹಿಂದಿನ ಗದ್ಯವನ್ನು ಬಲ್ಲ ನನಗೆ ಅದನ್ನು ಓದುವುದು ಕಷ್ಟ.

ಹಾಗಾದರೆ ಕಾಲಕ್ರಮದಲ್ಲಿ, ಹೊಸದು ಮೇಲೆ ಹಳೆಯದು ಕೆಳಗೆ ಎಂಬಂತೆ ತೋರಿಸಿದರೆ ಸಾಕಲ್ಲವೆ? 2020ರ ಅಮೆರಿಕದ ಚುನಾವಣೆಯ ಸಮಯದಲ್ಲಿ ವಿಶ್ವವಿದ್ಯಾಲಯಗಳ ವಿದ್ವಾಂಸರು ಸಂಸ್ಥೆಯೊಡನೆ ಸೇರಿ ಮೂರು ತಿಂಗಳು ಹಾಗೆಯೇ ಮಾಡಿ ನೋಡಿದರು. ಫಲಿತಾಂಶ 2023ರಲ್ಲಿ ಹೊರಬಂದಿತು. ಜನ ಅಲ್ಲಿ ಕಳೆಯುವ ಹೊತ್ತು ಕಡಮೆಯಾಯಿತು. ಫೇಸ್‌ಬುಕ್ಕಿನಲ್ಲಿ ಅಸಭ್ಯ ಮಾತೂ ಕಡಮೆಯಾಯಿತು. ಆದರೆ ನಂಬಲರ್ಹವಲ್ಲದ ಮೂಲಗಳ ಬರಹ ಹೆಚ್ಚಾಯಿತು. ರಾಜಕೀಯ ನಿಲುವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಾಲಕ್ರಮವೂ ಒಂದು ಅಂಕಪದ್ಧತಿಯೇ. ಅದು ಹೆಚ್ಚು ಸಲ ಕೂಗಿದವನಿಗೆ ಅಂಕ ಕೊಡುತ್ತದೆ.

ಯೂರೋಪಿನ ಒಕ್ಕೂಟ 2022ರಲ್ಲಿ ಮಾಡಿದ ಕಾನೂನು ಬೇರೊಂದು ಹಾದಿ ಹಿಡಿದಿದೆ. ಯಾವ ಮುಖ್ಯ ಅಂಶಗಳ ಮೇಲೆ ಆಯ್ಕೆ ನಡೆಯುತ್ತದೆಂಬುದನ್ನು ಇಂಥ ತಾಣಗಳು ಸರಳವಾದ ಭಾಷೆಯಲ್ಲಿ ತಿಳಿಸಬೇಕು. ಬಹು ದೊಡ್ಡ ತಾಣಗಳು, ಬಳಕೆದಾರನ ಚಹರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಆಯ್ಕೆಯೊಂದನ್ನಾದರೂ ಅವನಿಗೆ ಒದಗಿಸಬೇಕು. 2023ರ ಆಗಸ್ಟಿನಿಂದ ಆ ದೊಡ್ಡ ತಾಣಗಳು ಇದಕ್ಕೆ ಬದ್ಧವಾಗಿವೆ. ಅಲ್ಲಿನ ಓದುಗನಿಗೆ ಅಂಕಪಟ್ಟಿಯ ತಲೆಬರಹಗಳಾದರೂ ಕಾಣುತ್ತವೆ. ಒಂದೊಂದಕ್ಕೂ ಎಷ್ಟೆಷ್ಟು ಅಂಕವೆಂಬ ಅಂಕಿಗಳು ಇನ್ನೂ ಆ ಕೊಠಡಿಯೊಳಗೇ ಇವೆ.