ಮಾತ್ರೆಯ ಜೊತೆಗೆ ಮನೆಯೂ ಬದಲಾಗಬೇಕು
(ಕೊಕ್ಕರೆ ಬೆಳ್ಳೂರಿನಲ್ಲಿ ಹೆತ್ತವರು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹ ರೂಪ)





ಈ ಊರಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದನ್ನು ನಾಡೆಲ್ಲ ಬಲ್ಲದು. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ, ಮೀನು ತಿನ್ನಿಸಿ ಸಾಕಿದ ಯುವಕರು ಇಲ್ಲಿದ್ದಾರೆ. ಬಿದ್ದದ್ದು ನಿನ್ನದೇ ತಪ್ಪೆಂದು ಆ ಮರಿಯನ್ನು ಯಾರೂ ಗದರಿಸಲಿಲ್ಲ. ಆದರೆ ಮನಸ್ಸು ಕುಸಿದ ನಮ್ಮ ಮಕ್ಕಳನ್ನು ಮಾತ್ರ ನಾವು ಗದರಿಸುತ್ತೇವೆ. ಸೋಮಾರಿ ಎನ್ನುತ್ತೇವೆ, ನಮಾಝ್ ಸರಿಯಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುತ್ತೇವೆ, ತಾಯಿತ ಕಟ್ಟಿಸಿ ಸುಮ್ಮನಾಗುತ್ತೇವೆ.

ಇದು ವಿರಳ ಸಮಸ್ಯೆಯೇನೂ ಅಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 13ರಿಂದ 17ರ ವಯೋಮಾನದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ ಅವುಗಳಲ್ಲೊಂದು.

ಖಿನ್ನತೆಯು ದೇಹದೊಳಗೂ ನಡೆಯುವ ಕಾಯಿಲೆ. ಅಪಾಯ ಎದುರಾದಾಗ ಮೆದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಆಗ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅಪಾಯ ಕಳೆದ ಮೇಲೆ ಅದು ತಗ್ಗಬೇಕು. ಆದರೆ ಮನೆಯಲ್ಲಿ ದಿನವೂ ಬೈಗುಳ, ಹೊಡೆತ, ಅಂಕಗಳ ಭಯವಿದ್ದರೆ ದೇಹಕ್ಕೆ ಅಪಾಯ ಕಳೆಯುವುದೇ ಇಲ್ಲ. ಖಿನ್ನತೆಗೊಳಗಾದ ಕೆಲವು ಹದಿಹರೆಯದವರಲ್ಲಿ, ತಗ್ಗಬೇಕಾದ ರಾತ್ರಿಯ ವೇಳೆಯಲ್ಲೂ ಕಾರ್ಟಿಸಾಲ್ ಏರಿರುವುದು ಕಂಡುಬಂದಿದೆ. ಎಲ್ಲರಲ್ಲೂ ಹೀಗಿರುವುದಿಲ್ಲ, ಯಾರಿಗೆ ಯಾವ ಔಷಧಿ ಫಲಿಸುವುದೆಂದು ಹೇಳುವ ರಕ್ತಪರೀಕ್ಷೆಯೂ ಇನ್ನೂ ಬಂದಿಲ್ಲ.

ಹಾಗಾದರೆ ಔಷಧಿಯಿಂದ ಫಲವಿದೆಯೇ? ಇದೆ. ಅಮೆರಿಕದಲ್ಲಿ ಖಿನ್ನತೆಯಿದ್ದ 439 ಹದಿಹರೆಯದವರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. 12 ವಾರಗಳ ಬಳಿಕ, ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 35, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 43, ಫ್ಲುಒಕ್ಸೆಟಿನ್ ಮಾತ್ರೆ ಪಡೆದವರಲ್ಲಿ ಶೇ. 61, ಎರಡನ್ನೂ ಪಡೆದವರಲ್ಲಿ ಶೇ. 71 ಮಂದಿ ಚೇತರಿಕೆ ಕಂಡಿದ್ದರು. ಮೊದಲ ಔಷಧಿ ಫಲಿಸದ 334 ಮಕ್ಕಳ ಇನ್ನೊಂದು ಅಧ್ಯಯನ 2008ರಲ್ಲಿ ಬಂತು. ಅಲ್ಲಿಯೂ ಔಷಧಿ ಬದಲಿಸುವುದರ ಜೊತೆಗೆ ಮಾತಿನ ಚಿಕಿತ್ಸೆ ಕೊಟ್ಟಾಗ ಹೆಚ್ಚು ಫಲ ಸಿಕ್ಕಿತು. ಆದರೆ ಒಂದು ಮಾತು ಗಮನಿಸಿ: ದೈಹಿಕ ಹಿಂಸೆ ಅನುಭವಿಸಿದ್ದ ಮಕ್ಕಳಲ್ಲಿ ಈ ಜಂಟಿ ಚಿಕಿತ್ಸೆಯ ಫಲ ಕಡಿಮೆಯಿತ್ತು. ಬೆಳಿಗ್ಗೆ ಮಾತ್ರೆ ನುಂಗಿಸಿ ಸಂಜೆ ಬೆತ್ತ ಹಿಡಿಯುವ ಹೆತ್ತವರು ಇದನ್ನು ಯೋಚಿಸಬೇಕು.

ಎಚ್ಚರಿಕೆಯೂ ಬೇಕು. ಈ ಮಾತ್ರೆಗಳನ್ನು ಆರಂಭಿಸಿದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿತು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆ ಆರಂಭಿಸಬೇಡಿ. ಆರಂಭಿಸಿದ್ದನ್ನು ಥಟ್ಟನೆ ನಿಲ್ಲಿಸಲೂ ಬೇಡಿ. ಆ ದಿನಗಳಲ್ಲಿ ಮಗುವನ್ನು ಒಂಟಿಯಾಗಿ ಬಿಡದಿರಿ. ಹೊಲಕ್ಕೆ ತಂದ ಕೀಟನಾಶಕವನ್ನು ಬೀಗ ಹಾಕಿಡಿ.

ದುಃಖವು ಈಮಾನಿನ ಕೊರತೆಯೆಂದು ಹೇಳುವವರು ಪವಿತ್ರ ಕುರ್‌ಆನಿನಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ವೃತ್ತಾಂತವನ್ನು ಓದಲಿ. ಮಗನ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳೇ ಮಂಜಾದವು. ಅವರ ವಿಶ್ವಾಸದಲ್ಲಿ ಕೊರತೆಯಿತ್ತೇ? ಪ್ರವಾದಿ ಮುಹಮ್ಮದ್(ಸ)ರು ರೋಗಕ್ಕೆ ಚಿಕಿತ್ಸೆ ಪಡೆಯುವಂತೆ ಬೋಧಿಸಿದರು. ಸಾವಿರ ವರ್ಷಗಳಿಗೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ಕಾರಣ ತಿಳಿದ ದುಃಖವನ್ನೂ ಕಾರಣ ತಿಳಿಯದ ದುಃಖವನ್ನೂ ಬೇರ್ಪಡಿಸಿ, ಎರಡನೆಯದರ ಮೂಲವನ್ನು ದೇಹದಲ್ಲಿ ಹುಡುಕಿದ್ದರು. ಆ ಪರಂಪರೆಯ ವಾರಸುದಾರರು ಇಂದು ಮನೋವೈದ್ಯರ ಬಾಗಿಲಿಗೆ ಹೋಗಲು ನಾಚುವುದು ವಿಪರ್ಯಾಸ.

ಸರಕಾರವೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು 1980ರ ದಶಕದಲ್ಲಿ ಬಳ್ಳಾರಿಯಿಂದ ದೇಶಕ್ಕೆ ಕೊಟ್ಟದ್ದು ಕರ್ನಾಟಕ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಬಡ ರೈತನ ಮಗಳಿಗೆ ಮಾತ್ರೆಯೊಂದಿಗೆ ಮಾತಿನ ಚಿಕಿತ್ಸೆಯೂ ಹತ್ತಿರದಲ್ಲೇ ದೊರೆಯದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅದನ್ನು ನಾವೆಲ್ಲರೂ ಸೇರಿ ಕೇಳಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ. ಅದನ್ನು ಶಾಲೆಯ ಗೋಡೆಯಲ್ಲೂ ಮಸೀದಿಯ ಫಲಕದಲ್ಲೂ ದೇವಸ್ಥಾನದ ಜಗಲಿಯಲ್ಲೂ ಬರೆಯಿಸಿ. ಜುಮಾ ಪ್ರವಚನದಲ್ಲಿ ಖತೀಬರು ಈ ವಿಷಯವೆತ್ತಲಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಮಗುವಿನ ಪಕ್ಕ ಕುಳಿತುಕೊಳ್ಳಿ. ಅಂಕಗಳ ಬಗ್ಗೆ ಕೇಳಬೇಡಿ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.

ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ. ಆಮೀನ್.