ಬೊಕ್ಕಸದ ಲೆಕ್ಕ, ಪಕ್ಷದ ಲೆಕ್ಕ
(ಚೆನ್ನೈನ ಸೌಕಾರ್‌ಪೇಟೆಯಲ್ಲಿ ನಡೆದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸರ್ಕಾರದ ವೆಚ್ಚವೆಂಬ ಒಣ ವಿಷಯವನ್ನು ಈ ಸಂಜೆಗೆ ಆರಿಸಿಕೊಳ್ಳಲು ಈ ಸ್ಥಳವೇ ಪ್ರೇರಣೆ. ಸಾಹುಕಾರರ ಹೆಸರನ್ನೇ ಹೊತ್ತ ಪೇಟೆ ಇದು. ಇಲ್ಲಿನ ಮಿಂಟ್ ಬೀದಿಗೆ ಹೆಸರು ಬಂದುದು ಹಿಂದಿನ ಟಂಕಸಾಲೆಯಿಂದ. ಇಲ್ಲಿಯ ಗುಜರಾತಿ, ಮಾರವಾಡಿ ವರ್ತಕರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುತ್ತಾರೆ. ಸರಕಿಗೆ ತಂದ ಸಾಲ ಬೇರೆ, ಮನೆಖರ್ಚಿಗೆ ತಂದ ಸಾಲ ಬೇರೆ ಎಂಬುದು ಯಾವ ವರ್ತಕನಿಗೂ ಹೇಳಿಕೊಡಬೇಕಾದ ಪಾಠವಲ್ಲ. ಪುಸ್ತಕ ಬರೆಯುವ ಗುಮಾಸ್ತ ಬದಲಾದ ಮಾತ್ರಕ್ಕೆ ಬಾಕಿ ಬದಲಾಗುವುದೂ ಇಲ್ಲ. ಆದರೆ ರಾಜ್ಯದ ಬೊಕ್ಕಸದ ಮಾತು ಬಂದೊಡನೆ ನಾವು ಮೊದಲು ನೋಡುವುದು ಗುಮಾಸ್ತನ ಮುಖವನ್ನು. ಅಂಕಿಗಳನ್ನು ನೋಡುವುದು ಆಮೇಲೆ.

ನಾವು ನೆಲೆಸಿರುವ ಈ ನಾಡಿನ ನಿದರ್ಶನವನ್ನೇ ನೋಡೋಣ. 2001ರಲ್ಲಿ ಅಧಿಕಾರಕ್ಕೆ ಮರಳಿದ ಅಣ್ಣಾ ಡಿಎಂಕೆ, ಹಿಂದಿನವರು ಬೊಕ್ಕಸವನ್ನು ಬರಿದು ಮಾಡಿದರೆಂದು ಶ್ವೇತಪತ್ರ ಹೊರಡಿಸಿತು. 2006ರಲ್ಲಿ ಡಿಎಂಕೆ ಬಣ್ಣದ ಟೀವಿಯ ಆಶ್ವಾಸನೆಯಿತ್ತು ಗೆದ್ದಿತು. 2011ರಲ್ಲಿ ಅಣ್ಣಾ ಡಿಎಂಕೆ ಮಿಕ್ಸಿ, ಗ್ರೈಂಡರು, ಫ್ಯಾನುಗಳ ಆಶ್ವಾಸನೆಯೊಡನೆ ಬಂದಿತು. 2021ರಲ್ಲಿ ಮತ್ತೊಂದು ಶ್ವೇತಪತ್ರ. ಈ ಸಲ ಹೊರಡಿಸಿದವರು ಡಿಎಂಕೆ ಸರ್ಕಾರದ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್. ಪ್ರತಿ ಕುಟುಂಬದ ತಲೆಯ ಮೇಲೆ 2,63,976 ರೂಪಾಯಿ ಸಾರ್ವಜನಿಕ ಸಾಲವಿದೆಯೆಂದು ಅದು ಲೆಕ್ಕ ಕೊಟ್ಟಿತು. ಟೀವಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರಣಾಳಿಕೆಯ ಆಶ್ವಾಸನೆ ಕಾನೂನಿನ ಪ್ರಕಾರ ಭ್ರಷ್ಟ ಆಚರಣೆಯಾಗದೆಂದು 2013ರಲ್ಲಿ ತೀರ್ಪಿತ್ತ ನ್ಯಾಯಾಲಯ, ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು.

ಹಾಗೆಂದು ಪುಕ್ಕಟೆಯಾಗಿ ಕೊಟ್ಟುದೆಲ್ಲ ದುಂದುವೆಚ್ಚವೆನ್ನುವುದು ತಪ್ಪಾದೀತು. 1982ರಲ್ಲಿ ಎಂ.ಜಿ.ಆರ್. ಶಾಲಾಮಕ್ಕಳ ಊಟದ ಯೋಜನೆಯನ್ನು ವಿಸ್ತರಿಸಿದಾಗ, ಇಷ್ಟು ಹಣ ಎಲ್ಲಿಂದ ಬಂದೀತೆಂದು ಕೇಳಿದವರಿದ್ದರು. 2001ರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನು ಎಲ್ಲ ರಾಜ್ಯಗಳ ಸರ್ಕಾರಿ ಶಾಲೆಗಳಲ್ಲೂ ಕೊಡಬೇಕೆಂದು ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಒಂದು ಕಾಲದಲ್ಲಿ ಹೊರೆಯೆನಿಸಿದ ವೆಚ್ಚ ಇಪ್ಪತ್ತು ವರ್ಷಗಳಲ್ಲಿ ದೇಶದ ನೀತಿಯಾಯಿತು. ಮಗುವಿನ ಹೊಟ್ಟೆಗೆ ಹಾಕಿದ ಅನ್ನವನ್ನು ಯಾವ ಖಾತೆಗೆ ಬರೆಯಬೇಕು? ಮನೆಖರ್ಚಿಗೋ, ಬಂಡವಾಳಕ್ಕೋ? ವಿವೇಕವುಳ್ಳ ವರ್ತಕ ಬಂಡವಾಳಕ್ಕೇ ಬರೆದಾನು.

ಈಗ ತಾಯ್ನಾಡಿಗೆ ಬರೋಣ. ಹಣಕಾಸಿನ ಶಿಸ್ತಿಗಾಗಿ ದೇಶದಲ್ಲೇ ಮೊದಲು ಕಾಯಿದೆ ಮಾಡಿದ ರಾಜ್ಯ ಕರ್ನಾಟಕ. ಅದು 2002ರ ಮಾತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಐದು ಗ್ಯಾರಂಟಿಗಳನ್ನು ಜಾರಿಗೆ ತರತೊಡಗಿತು. ಬಿಜೆಪಿ ಅವನ್ನು ರಾಜ್ಯವನ್ನು ದಿವಾಳಿಯಾಗಿಸುವ ಯೋಜನೆಗಳೆಂದು ಜರೆಯಿತು. ಪ್ರಧಾನಿಯವರು 2022ರಲ್ಲೇ ಇಂಥ ಕೊಡುಗೆಗಳನ್ನು ‘ರೇವ್ಡಿ’ಯೆಂದು ಕರೆದಿದ್ದರು. ಅದೇ ಪಕ್ಷದ ಸರ್ಕಾರ 2023ರಲ್ಲಿ ಮಧ್ಯಪ್ರದೇಶದಲ್ಲಿ ‘ಲಾಡಲಿ ಬೆಹನಾ’ ಯೋಜನೆಯನ್ನು ತಂದಿತು. 2024ರಲ್ಲಿ ಅದು ಪಾಲುದಾರನಾಗಿದ್ದ ಸರ್ಕಾರ ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ಇತ್ತ ಗ್ಯಾರಂಟಿಗಳನ್ನು ಕೊಂಡಾಡುವವರಿಗೆ ವೆಚ್ಚದ ಪ್ರಶ್ನೆ ಕೇಳಿದವರೆಲ್ಲ ಬಡವರ ವಿರೋಧಿಗಳಾಗಿ ಕಾಣುತ್ತಾರೆ.

ಅಂಕಿಗಳು ಹೇಳುವುದೇನು? 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಅದರಲ್ಲಿ ಗ್ಯಾರಂಟಿಗಳಿಗೆ ಇಟ್ಟುದು 51,034 ಕೋಟಿ, ಅಂದರೆ ಸುಮಾರು ಎಂಟನೆಯ ಒಂದು ಪಾಲು. ದಿವಾಳಿಯ ಮಾತನ್ನು ಈ ಬಜೆಟ್ಟು ಸಮರ್ಥಿಸುವುದಿಲ್ಲ. ವಿತ್ತೀಯ ಕೊರತೆಯ ಅಂದಾಜು ಕಾಯಿದೆಯ ಶೇಕಡಾ 3ರ ಮಿತಿಯೊಳಗೇ ಇತ್ತು. ಆದರೆ 19,262 ಕೋಟಿಯ ರಾಜಸ್ವ ಕೊರತೆಯೂ ಇತ್ತು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ನಿತ್ಯದ ಖರ್ಚಿನ ಒಂದು ಭಾಗವನ್ನು ಸಾಲದಿಂದ ಭರಿಸಲಾಯಿತು. ಕೋವಿಡ್‌ಗೆ ಮುಂಚೆ ಹಲವು ವರ್ಷ ರಾಜಸ್ವ ಹೆಚ್ಚುವರಿಯನ್ನು ಕಂಡ ರಾಜ್ಯಕ್ಕೆ ಇದು ಚಿಂತೆಯ ವಿಷಯವೇ ಸರಿ.

ಇನ್ನು ಹಣ ತೆರುವವರು ಯಾರು? 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲು, ಡೀಸೆಲಿನ ಮಾರಾಟ ತೆರಿಗೆಯನ್ನು ಏರಿಸಿತು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿತು. ಹೆಂಡತಿ ಹಣ ತೆರದೆ ಪಯಣಿಸುವ ಬಸ್ಸಿನಲ್ಲೇ ಗಂಡ ಹೆಚ್ಚು ದರ ತೆತ್ತು ಕುಳಿತಿರುತ್ತಾನೆ. ಇದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಕೂಲಿಗೆ ಹೋಗುವ ಹೆಂಗಸಿಗೆ ಉಳಿದ ಬಸ್ ಚಾರ್ಜು ಸಣ್ಣ ಮೊತ್ತವಲ್ಲ. ಆದರೆ ಜಮಾ ಪುಟವನ್ನು ಮುಚ್ಚಿಟ್ಟು ಖರ್ಚಿನ ಪುಟವನ್ನಷ್ಟೇ ತೋರಿಸುವುದು ಲೆಕ್ಕವೆನಿಸದು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಶೇಕಡಾ 4.713ರಿಂದ 15ನೆಯದರಲ್ಲಿ 3.647ಕ್ಕೆ ಇಳಿದುದೂ ಅದೇ ಜಮಾ ಪುಟಕ್ಕೆ ಸೇರಿದ್ದು. ಈ ಸಂಗತಿಯನ್ನು ಒಂದು ಪಕ್ಷ ಮರೆಸುತ್ತದೆ; ಇನ್ನೊಂದು ಎಲ್ಲ ಕೊರತೆಗೂ ಅದನ್ನೇ ಉತ್ತರವಾಗಿಸುತ್ತದೆ.

ಈ ಕಾಯಿಲೆ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ವೆಚ್ಚದ ಜಗಳದಿಂದ 1995-96ರಲ್ಲಿ ಸರ್ಕಾರಿ ಕಚೇರಿಗಳು 21 ದಿನ ಮುಚ್ಚಿದವು. 2025ರಲ್ಲಿ 43 ದಿನ. 1998ರಿಂದ 2001ರವರೆಗೆ ಆ ದೇಶದ ಬಜೆಟ್ಟು ಹೆಚ್ಚುವರಿಯಲ್ಲಿತ್ತು. ಅನಂತರದ ತೆರಿಗೆ ಕಡಿತ, ಯುದ್ಧ, ಆರ್ಥಿಕ ಹಿಂಜರಿತಗಳಲ್ಲಿ ಅದು ಕರಗಿತು. ಅಲ್ಲಿಯೂ ಸಾಲದ ಚಿಂತೆ ಹೆಚ್ಚಾಗಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತವರನ್ನೇ ಕಾಡುತ್ತದೆ. ಆದರೆ ಅವರ ಡಾಲರನ್ನು ಜಗತ್ತೇ ಕೂಡಿಡುತ್ತದೆ. ಕರ್ನಾಟಕಕ್ಕೆ ನೋಟು ಅಚ್ಚು ಹಾಕುವ ಅಧಿಕಾರವಿಲ್ಲ. ಕೇಂದ್ರದ ಸಾಲ ಬಾಕಿಯಿರುವವರೆಗೆ, ಸಂವಿಧಾನದ 293ನೆಯ ವಿಧಿಯಂತೆ, ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಬೇಕು. ಆದ್ದರಿಂದ ಅವರು ತಾಳಿಕೊಳ್ಳಬಹುದಾದ ತಪ್ಪು ನಮಗೆ ತಾಳದು.

ಬಂಧುಗಳೇ, ನಾವು ತೆರಿಗೆ ತೆರುವುದು ಈ ನಾಡಿನಲ್ಲಿ, ನೆಂಟರಿರುವುದು ಆ ನಾಡಿನಲ್ಲಿ. ಎರಡು ಬೊಕ್ಕಸಗಳನ್ನೂ ತುಸು ದೂರದಿಂದ ನೋಡುವ ಸೌಕರ್ಯ ಹೊರನಾಡಿಗರಾದ ನಮಗುಂಟು. ಆದರೂ ಊರಿನಿಂದ ಫೋನು ಬಂದಾಗ ನಾವೂ ಯಾವುದೋ ಒಂದು ಪಕ್ಷದ ವಕೀಲರಾಗಿಬಿಡುತ್ತೇವೆ. ಇದರ ನಷ್ಟ ತಟ್ಟುವುದು ಯಾರಿಗೆ? ಮತಗಳಾಗಿ ಎಣಿಕೆಗೆ ಸಿಗದ ಸಣ್ಣ ಬಾಬತ್ತುಗಳಿಗೆ: ಗಡಿಯಾಚೆಯ ಕನ್ನಡ ಶಾಲೆಗೆ, ಗ್ರಂಥಾಲಯಕ್ಕೆ, ಹಳ್ಳಿಯ ಶಾಲೆಯ ಸೋರುವ ಮಾಡಿಗೆ. ದೊಡ್ಡ ಜಗಳದ ನಡುವೆ ಇವುಗಳ ಪರವಾಗಿ ವಾದಿಸುವ ಪಕ್ಷವೇ ಇಲ್ಲ.

ಆದಕಾರಣ ಯಾವ ಸರ್ಕಾರ ಏನನ್ನೇ ಕೊಡಲಿ, ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳೋಣ. ಹಣ ಯಾರಿಂದ ಬಂದಿತು? ಹತ್ತು ವರ್ಷದ ಬಳಿಕ ಅದರಿಂದ ಏನು ಉಳಿದೀತು? ಇದಕ್ಕಾಗಿ ಯಾವ ಬಾಬತ್ತನ್ನು ಮೊಟಕುಗೊಳಿಸಲಾಯಿತು? ನಮಗೆ ಬೇಕಾದ ಪಕ್ಷ ಅಧಿಕಾರದಲ್ಲಿರುವಾಗ ಈ ಪ್ರಶ್ನೆಗಳನ್ನು ಕೇಳುವ ಧೈರ್ಯ ಬಂದರೆ, ಲೆಕ್ಕ ನೋಡಲು ಕಲಿತೆವೆಂದು ಅರ್ಥ.